ಕಂಬಿ ಕಿತ್ತ ಕಾರು

ಕನ್ನಡದಲ್ಲಿ ‘ಕಂಬಿ ಕಿತ್ತ’ ಎಂದರೆ ಓಡಿಹೋದ ಎಂದು ಅರ್ಥ. ಸಾಲ ಕೊಟ್ಟವರು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಲಗಾರ ಕಂಬಿ ಕೀಳುತ್ತಾನೆ. ಹಾಜರಿ ಮುಗಿದೊಡನೆ ಹಿಂದಿನ ಬೆಂಚಿನವರು ಕಂಬಿ ಕೀಳುತ್ತಾರೆ. ಅದು ಯಾವ ಕಂಬಿ, ಅದನ್ನು ಎಲ್ಲಿಂದ ಕೀಳಬೇಕು, ಕಿತ್ತಾದ ಮೇಲೆ ಎಲ್ಲಿಡಬೇಕು ಎಂದು ಇಪ್ಪತ್ತು ವರ್ಷದ ನನ್ನ ಅಧ್ಯಾಪನದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ. ಹಾಗೆ ಯಾರೂ ಕೇಳದಿರುವುದೇ ನುಡಿಗಟ್ಟುಗಳ ಸೌಭಾಗ್ಯ. ಆದರೆ ನನ್ನ ಅಕ್ಕನ ಮಗ, ಕಳೆದ ದೀಪಾವಳಿಗೆ ಸೊರಬಕ್ಕೆ ಬಂದವನು, ನಿಜವಾಗಿಯೇ ಒಂದು ಕಂಬಿಯನ್ನು ಕಿತ್ತ. ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಎರಡು ಗಂಟೆ ಸ್ಪಾನರು ತಿರುಗಿಸಿ, ಉಕ್ಕಿನ ಉದ್ದನೆಯದೊಂದು ಸರಳನ್ನು ಹೊರಗೆಳೆದು ಹಿತ್ತಲ ಗೋಡೆಗೆ ಒರಗಿಸಿದ.

ಈ ಸೋದರಳಿಯ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಮದುವೆಯ ಮಾತೆತ್ತಿದರೆ ಕಾರಿನ ಮಾತು ತೆಗೆಯುತ್ತಾನೆ. ಹಳೆಯದೊಂದು ಪುಟ್ಟ ಕೆಂಪು ಕಾರನ್ನು ಕೊಂಡು, ಎಂಜಿನ್ನನ್ನು ಚುರುಕು ಮಾಡಿಸಿ, ಅಗಲ ಟೈರು ಹಾಕಿಸಿ, ಅದನ್ನು ಸ್ಪೋರ್ಟ್ಸ್ ಕಾರು ಎಂದು ಕರೆಯುತ್ತಾನೆ. ಕಂಪನಿಯ ಹೆಸರು ಇಲ್ಲಿ ಬೇಡ. ಅದು ಮಾಡಿ ಕಳಿಸಿದ ಕಾರಿಗೂ ಇವನು ಮಾಡಿಕೊಂಡ ಕಾರಿಗೂ ಈಗ ಉಳಿದಿರುವ ನಂಟು ಬಹಳ ದೂರದ್ದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆಯುವ ರ್‍ಯಾಲಿಯಲ್ಲಿ ಒಂದು ಸಲವಾದರೂ ಓಡಿಸಬೇಕೆಂಬುದು ಅವನ ಆಸೆ. ನನ್ನ ಅಕ್ಕನಿಗೆ ಸ್ಪೋರ್ಟ್ಸ್ ಕಾರು ಎಂದರೇನೆಂದು ನಾನೇ ಬಿಡಿಸಿ ಹೇಳಿದೆ. “ಆಟದ ಕಾರಾದ್ರೆ ಮನೆ ಅಂಗಳದಲ್ಲಿ ಆಡ್ಲಿ ಬಿಡು. ರಸ್ತೇಲಿ ಯಾಕೆ?” ಎಂದಳು. ಭಾವ ತೀರಿಕೊಂಡು ಎಂಟು ವರ್ಷವಾಯಿತು. ಇರುವವನು ಇವನೊಬ್ಬನೇ. ಹಾಗಾಗಿ ಅವಳ ಈ ಮಾತನ್ನು ಹಾಸ್ಯವೆಂದು ಎಣಿಸಿ ನಗುವ ಧೈರ್ಯ ನನಗಾಗಲಿಲ್ಲ. “ನೀನಾದ್ರೂ ಒಂದ್ಸಲ ಅವನ ಜೊತೆ ಕೂತು ನೋಡೋ. ಏನೋ ಬಿಚ್ಚಿ ಹಾಕಿದಾನೆ ಅದರಿಂದ” ಎಂದು ಅವಳು ಕೇಳಿಕೊಂಡದ್ದರಿಂದಲೇ ನಾನು ಆ ಕಾರಿನಲ್ಲಿ ಕೂರುವಂತಾಯಿತು.

ಕೂರುವ ಮೊದಲು, ಕಿತ್ತದ್ದು ಏನನ್ನು ಎಂಬುದನ್ನು ತಿಳಿದುಕೊಳ್ಳಬೇಕಲ್ಲ. ಶಿರಾಳಕೊಪ್ಪದಲ್ಲಿ ನನಗೆ ಬಹುಕಾಲದ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ, ಸಾಬರು. ನನ್ನ ಸ್ಕೂಟರಿನ ಆಯುಸ್ಸು ಅವರ ಕೈಯಲ್ಲಿದೆ. ಅವರು ಅದನ್ನು ಸ್ಟೆಬಿಲೈಜರ್ ರಾಡ್ ಎಂದರು. ಇಂಗ್ಲಿಷ್ ಪುಸ್ತಕಗಳಲ್ಲಿ ಸ್ವೇ ಬಾರ್ ಎಂದೂ ಆಂಟಿ ರೋಲ್ ಬಾರ್ ಎಂದೂ ಬರೆಯುತ್ತಾರೆ. ನಾನು ಕನ್ನಡ ಮೇಷ್ಟರಾದ ಕರ್ಮಕ್ಕೆ ‘ಓಲುತಡೆ’ ಎಂಬ ಪದವನ್ನು ಟಂಕಿಸಿ ಅವರ ಮುಂದಿಟ್ಟೆ. “ಚೆನ್ನಾಗದೆ ಮೇಷ್ಟ್ರೇ, ಆದ್ರೆ ಆ ಹೆಸರು ಹೇಳಿದ್ರೆ ಅಂಗಡೀಲಿ ಕೊಡಾಕಿಲ್ಲ” ಎಂದರು. ಪಾರಿಭಾಷಿಕ ಪದಗಳ ಮೇಲೆ ನಡೆದ ಗೋಷ್ಠಿಗಳಲ್ಲಿ ಇಷ್ಟು ನಿಖರವಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಹೆಬ್ಬೆರಳಿನ ಗಾತ್ರದ ಉಕ್ಕಿನ ಸರಳು. ಎರಡು ತುದಿಗಳೂ ಒಂದೇ ಕಡೆಗೆ ಬಾಗಿರುತ್ತವೆ. ನಡುವಿನ ಭಾಗವನ್ನು ರಬ್ಬರಿನ ಬುಷ್ಷುಗಳಲ್ಲಿ ಕೂರಿಸಿ ಕಾರಿನ ಮೈಗೆ ಬಿಗಿದಿರುತ್ತಾರೆ. ತುದಿಗಳನ್ನು ಒಂದೊಂದು ಲಿಂಕ್ ರಾಡಿನ ಮೂಲಕ ಎಡ ಬಲದ ಚಕ್ರಗಳ ಕಡೆಗೆ ಕಟ್ಟಿರುತ್ತಾರೆ. ಎರಡು ಚಕ್ರಗಳೂ ಒಟ್ಟಿಗೆ ಉಬ್ಬನ್ನು ಹತ್ತಿದರೆ ಸರಳು ಬುಷ್ಷಿನೊಳಗೆ ಸುಮ್ಮನೆ ಹೊರಳುತ್ತದೆ; ಕೆಲಸವೇನೂ ಇಲ್ಲ. ಒಂದು ಮೇಲೆ ಹೋಗಿ ಇನ್ನೊಂದು ಕೆಳಗೆ ಬಂದರೆ ಮಾತ್ರ ಅದು ಒದ್ದೆ ಪಂಚೆಯನ್ನು ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಉಕ್ಕು ತಿರುಚಿಕೊಳ್ಳಲು ಒಪ್ಪುವುದಿಲ್ಲ. ಆ ಒಪ್ಪದಿರುವಿಕೆಯೇ ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ತಡೆಯುವ ಶಕ್ತಿ. ಕೆನಡಾ ದೇಶದ ಫ್ರೆಡೆರಿಕ್ಟನ್ ಎಂಬ ಊರಿನ ಸ್ಟೀಫನ್ ಕೋಲ್ಮನ್ ಎಂಬಾತ 1919ರಲ್ಲಿ ಇಂಥದೊಂದು ಸಾಧನಕ್ಕೆ ಪೇಟೆಂಟ್ ಪಡೆದನಂತೆ. ನೂರು ವರ್ಷ ದಾಟಿದ ಉಪಾಯ.

ಇಷ್ಟು ಉಪಕಾರಿಯಾದದ್ದನ್ನು ಕೀಳುವುದೇಕೆ? ಅಳಿಯನ ವಾದವನ್ನು ಪೂರ್ವಪಕ್ಷವಾಗಿ ಮಂಡಿಸುತ್ತೇನೆ, ಅದು ತಳ್ಳಿಹಾಕುವಂಥದಲ್ಲ. ಎರಡು ಚಕ್ರಗಳಿಗೆ ಗಂಟು ಹಾಕಿದ ಮೇಲೆ ಒಂದರ ಕಷ್ಟ ಇನ್ನೊಂದಕ್ಕೆ ತಟ್ಟಿಯೇ ತಟ್ಟುತ್ತದೆ. ಎಡ ಚಕ್ರ ಗುಂಡಿಗಿಳಿದರೆ ಬಲ ಚಕ್ರದ ಕಡೆಗೂ ಜಗ್ಗು. ಗಂಟು ಬಿಚ್ಚಿದರೆ ಒಂದೊಂದು ಚಕ್ರವೂ ತನ್ನ ಪಾಡಿಗೆ ತಾನು ನೆಲವನ್ನು ಹುಡುಕಿಕೊಳ್ಳುತ್ತದೆ. ಉಬ್ಬುತಗ್ಗಿನ ಮಣ್ಣುದಾರಿಯಲ್ಲಿ ಹಿಡಿತ ಹೆಚ್ಚು, ಕುಲುಕು ಕಡಿಮೆ. ಇದು ಅವನ ಕಲ್ಪನೆಯಲ್ಲ. ಬೆಟ್ಟ ಹತ್ತುವ ಜೀಪುಗಳಲ್ಲಿ ಕೆಲವಕ್ಕೆ ಮುಂದಿನ ಈ ಸರಳನ್ನು ಬೇಕೆಂದಾಗ ಗುಂಡಿ ಒತ್ತಿ ಬೇರ್ಪಡಿಸುವ ಏರ್ಪಾಟನ್ನು ಅಮೆರಿಕದ ಕಂಪನಿಯೇ ಮಾಡಿ ಮಾರುತ್ತದೆ. ಬಂಡೆಯನ್ನು ಹತ್ತುವಾಗ ಬಿಡಿಸಬೇಕು, ರಸ್ತೆಗೆ ಬಂದಾಗ ಕೂಡಿಸಬೇಕು. ವೇಗ ಹೆಚ್ಚಿದರೆ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಈ ಕೊನೆಯ ಸಂಗತಿಯನ್ನು ಅಳಿಯ ತನ್ನ ವಾದದಲ್ಲಿ ಹೇಳಿರಲಿಲ್ಲ. ಸಾಬರು ಹೇಳಿದರು.

ಶಿಕಾರಿಪುರದಿಂದ ಸೊರಬಕ್ಕೆ ಶಿರಾಳಕೊಪ್ಪದ ಮೇಲೆ 40 ಕಿಲೋಮೀಟರಿನ ಆಸುಪಾಸು. ಈ ದಾರಿಯ ಆಚೀಚೆ ಇರುವುದನ್ನು ನೆನೆದರೆ ಕನ್ನಡ ಮೇಷ್ಟರಾದವರು ಕಾರಿನಲ್ಲಿ ಕಣ್ಣುಮುಚ್ಚಿ ಕೂರುವ ಹಾಗೇ ಇಲ್ಲ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ, ಕದಂಬರ ತಾಳಗುಂದ, ಎಲ್ಲವೂ ಶಿರಾಳಕೊಪ್ಪದ ಸುತ್ತಮುತ್ತಲಿನವೇ. ತಾಳಗುಂದದ ಕಂಬದ ಶಾಸನದಲ್ಲಿ ಮಯೂರಶರ್ಮ ಕಂಚಿಗೆ ಓದಲು ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಪುಸ್ತಕ ಬಿಟ್ಟು ಕತ್ತಿ ಹಿಡಿದ ಕಥೆಯಿದೆ; ‘ಅಶ್ವಸಂಸ್ಥ’ ಎಂಬ ಮಾತಿಗೆ ಅನೇಕ ವಿದ್ವಾಂಸರು ಕೊಡುವ ಅರ್ಥ ಇದು. ಕನ್ನಡ ನಾಡಿನ ಒಂದು ರಾಜವಂಶವೇ ವಾಹನ ಸವಾರನೊಬ್ಬನೊಡನೆ ನಡೆದ ಬೀದಿಜಗಳದಿಂದ ಹುಟ್ಟಿತೆಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರು ನಗುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಅದನ್ನೇ ಬರೆಯುತ್ತಾರೆ.

ಆ ದಿನ ಮಧ್ಯಾಹ್ನ ಅಳಿಯ ಶಿಕಾರಿಪುರಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡ. ಮೊದಲ ನಾಲ್ಕೈದು ಮೈಲಿ ನಾನು ಅವನ ಪಕ್ಷಕ್ಕೇ ವಾಲಿದೆ. ಟಾರು ಕಿತ್ತುಹೋದ ಕಡೆ ನಮ್ಮ ಬಸ್ಸುಗಳಲ್ಲಿ ಬೆನ್ನುಹುರಿ ಪಡುವ ಪಾಡು ಇಲ್ಲಿ ಇಲ್ಲವೇ ಇಲ್ಲ. ಒಂದು ಪಕ್ಕದ ಚಕ್ರ ಗುಂಡಿಗಿಳಿದು ಎದ್ದರೂ ತಲೆ ಎಡಕ್ಕೂ ಬಲಕ್ಕೂ ತೂಗಾಡಲಿಲ್ಲ. “ಹೇಗಿದೆ ಮಾವಾ?” ಎಂದ. ಚೆನ್ನಾಗಿದೆ ಎಂದೆ; ಚೆನ್ನಾಗಿಯೇ ಇತ್ತು.

ತಿರುವುಗಳು ಬಂದಾಗ ಬೇರೆ ಅನುಭವ. ಸ್ಟಿಯರಿಂಗ್ ತಿರುಗಿಸಿದೊಡನೆ ಕಾರು ತಿರುಗಲಿಲ್ಲ; ಮೊದಲು ಮೈ ವಾಲಿಸಿತು, ವಾಲಿ ಒಂದು ಕಡೆ ನಿಂತ ಮೇಲೆ ತಿರುಗಿತು. ಕರೆದ ಕೂಡಲೇ ಏಳದೆ, ಮಗ್ಗುಲು ಬದಲಿಸಿ, ಆಕಳಿಸಿ, ಆಮೇಲೆ ಏಳುವ ಹುಡುಗನ ಹಾಗೆ. ಆದರೆ ತಿರುಗಲು ತೊಡಗಿದ ಮೇಲೆ ಮೂತಿ ಒಳಮಗ್ಗುಲಿಗೆ ಹೊಕ್ಕ ಆತುರವನ್ನು ಏನು ಹೇಳಲಿ! ಸಾಧಾರಣವಾಗಿ ಇಂಥ ಕಾರುಗಳು ತಿರುವಿನಲ್ಲಿ ವೇಗ ಹೆಚ್ಚಾದರೆ ಮೂತಿಯನ್ನು ಹೊರಕ್ಕೆ ತಳ್ಳಿಕೊಂಡು ಹೋಗುತ್ತವೆಯಂತೆ. ಇದು ಹಾಗೆ ಮಾಡುವುದಿಲ್ಲ, ಹೇಳಿದ ಕಡೆಗೇ ಬರುತ್ತದೆ, ಅದೇ ಇದರ ಸೊಗಸು ಎಂದು ಅವನು ವಿವರಿಸಿದ. ಅವನ ಮುಖದಲ್ಲಿ ಹೊಸ ಪದ್ಯ ಬರೆದವನ ಸಂತೋಷವಿತ್ತು.

ಶಿರಾಳಕೊಪ್ಪ ದಾಟಿ ಸೊರಬದ ದಾರಿಯಲ್ಲಿ ಒಂದು ಕೆರೆಯ ಏರಿ ಬರುತ್ತದೆ. ಏರಿಯ ಮೇಲೆ ರಸ್ತೆ ಬಲಕ್ಕೆ ಹೊರಳುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಅಡಕೆ ತೋಟ. ದೀಪಾವಳಿ ಕಳೆದ ದಿನಗಳೆಂದರೆ ನಮ್ಮ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬದ ದಿನಗಳು. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಣ್ಣದ ಬಲೂನು ಕಟ್ಟಿಸಿಕೊಂಡ ಹೋರಿಯೊಂದನ್ನು ಹತ್ತು ಹದಿನೈದು ಮಂದಿ ಹುಡುಗರು ಮನೆಗೆ ಹೊಡೆದುಕೊಂಡು ಹೋಗುತ್ತಿದ್ದರು. ತಿರುವಿನ ನಡುವೆಯೇ ಅವರು ಕಣ್ಣಿಗೆ ಬಿದ್ದದ್ದು. ಯಾರಾದರೂ ಮಾಡುವುದನ್ನೇ ಅಳಿಯ ಮಾಡಿದ. ಆಕ್ಸಿಲರೇಟರಿನ ಮೇಲಿದ್ದ ಕಾಲನ್ನು ತಟ್ಟನೆ ತೆಗೆದ.

ಕಾರಿನ ಹಿಂಭಾಗ ನಮ್ಮನ್ನು ಬಿಟ್ಟು ಹೊರಟಿತು. ಇದಕ್ಕಿಂತ ಬೇರೆ ಮಾತು ನನಗೆ ಹೊಳೆಯುತ್ತಿಲ್ಲ. ನಾನು ಮುಂದೆ ನೋಡುತ್ತಿದ್ದೆ. ಮುಂದೆ ಇದ್ದ ಹೋರಿ ಎಡಕ್ಕೆ ಸರಿದು ಮಾಯವಾಯಿತು, ಅಡಕೆ ತೋಟ ಬಂತು. ಅಳಿಯ ಸ್ಟಿಯರಿಂಗನ್ನು ತಿರುವಿಗೆ ವಿರುದ್ಧವಾಗಿ ಹೊರಳಿಸಿದ, ಮತ್ತೆ ಇತ್ತ ಹೊರಳಿಸಿದ. ಕಾರು ಎರಡು ಸಲ ತೂಗಿ, ಏರಿಯ ಅಂಚಿನ ಕಲ್ಲಿಗೆ ಒಂದು ಮೊಳ ದೂರದಲ್ಲಿ ಅಡ್ಡಡ್ಡ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹೋರಿ ನಮ್ಮ ಕಡೆಗೊಮ್ಮೆ ನೋಡಿತು. ಬೆದರಿಸುವುದರಲ್ಲಿ ತನ್ನನ್ನು ಮೀರಿಸಿದವರು ಯಾರೆಂದು ತಿಳಿಯಬೇಕಿತ್ತೋ ಏನೋ. ಹುಡುಗರು ಬೈದ ಬೈಗುಳಗಳಲ್ಲಿ ಎರಡು ನನಗೆ ಹೊಸವು. ಅಳಿಯ ಕೆಳಗಿಳಿದು ಹೋರಿಯ ಯಜಮಾನನಿಗೆ ಕೈಮುಗಿದ. ಸೊರಬದವರೆಗೆ ಇಪ್ಪತ್ತರ ವೇಗದಲ್ಲಿ ಹೋದೆವು. ಒಬ್ಬರೂ ಮಾತಾಡಲಿಲ್ಲ.

ಮುಂದಿನ ಕಂಬಿಯನ್ನು ಕಿತ್ತರೆ ಹಿಂಭಾಗ ಏಕೆ ಜಾರಬೇಕು? ನನಗೆ ಬಿಡಿಸಲಾಗದ ಒಗಟಾಗಿದ್ದದ್ದು ಇದು. ಸಾಬರು ಅದನ್ನು ಬಿಡಿಸಿದ್ದು ಪಲ್ಲಕ್ಕಿಯ ದೃಷ್ಟಾಂತದಿಂದ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಉತ್ಸವವನ್ನು ಅವರು ಚಿಕ್ಕಂದಿನಿಂದ ನೋಡಿದವರು. ನಾಲ್ವರು ಹೊತ್ತ ಪಲ್ಲಕ್ಕಿ ಮೂಲೆ ತಿರುಗಿದಾಗ ಒಳಗಿನವರ ಹೆಗಲಿನ ಭಾರ ಹೊರಗಿನವರ ಹೆಗಲಿಗೆ ಸರಿಯುತ್ತದೆ. ಒಟ್ಟು ಎಷ್ಟು ಸರಿಯಬೇಕೆಂಬುದನ್ನು ಪಲ್ಲಕ್ಕಿಯ ತೂಕ, ಎತ್ತರ, ಅಗಲ, ತಿರುಗಿದ ವೇಗ ಇವು ನಿರ್ಣಯಿಸುತ್ತವೆ, ಹೆಗಲುಗಳದೇನೂ ನಡೆಯುವುದಿಲ್ಲ. ಆದರೆ ಸರಿದ ಭಾರದಲ್ಲಿ ಮುಂದಿನ ಜೋಡಿಗೆ ಎಷ್ಟು, ಹಿಂದಿನ ಜೋಡಿಗೆ ಎಷ್ಟು ಎಂಬುದು ಯಾರ ಹೆಗಲು ಬಿಗಿ, ಯಾರದು ಸಡಿಲ ಎಂಬುದರ ಮೇಲೆ. ಬಿಗಿಯಾಗಿ ನಿಂತವನಿಗೆ ಹೆಚ್ಚು. ಮುಂದಿನ ಜೋಡಿ ಹೆಗಲು ಸಡಿಲಿಸಿದರೆ ಅವರು ಬಿಟ್ಟ ಪಾಲು ಎಲ್ಲಿಗೂ ಹೋಗುವುದಿಲ್ಲ, ಹಿಂದಿನವರ ಮೇಲೆ ಬೀಳುತ್ತದೆ.

ಇನ್ನು ಟೈರಿನ ಸ್ವಭಾವ ಒಂದಿದೆ. ಅದರ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ. ಅದಕ್ಕಿಂತ ತುಸು ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಜೋಡಿಯಲ್ಲಿ ಭಾರ ಒಂದೇ ಚಕ್ರಕ್ಕೆ ಸೇರಿದಷ್ಟೂ ಆ ಜೋಡಿಯ ಒಟ್ಟು ಹಿಡಿತಕ್ಕೆ ನಷ್ಟ. ಮುಂದಿನ ಕಂಬಿ ಕಿತ್ತಾಗ ಮುಂದಿನ ಜೋಡಿಗೆ ಲಾಭವಾಯಿತು; ಮೂತಿಯ ಆತುರ ಅದರ ಫಲ. ನಷ್ಟವನ್ನೆಲ್ಲ ಹಿಂದಿನ ಜೋಡಿ ಹೊತ್ತಿತು. ಅಳಿಯನ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳನ್ನು ಕೂಡಿಸಿರುವುದು ತಿರುಚಿಕೊಳ್ಳುವ ಒಂದು ತೊಲೆ. ಅದೇ ಒಂದು ಓಲುತಡೆಯ ಹಾಗೆ ಕೆಲಸ ಮಾಡುತ್ತದೆ, ಅದನ್ನು ಕೀಳುವಂತೆಯೂ ಇಲ್ಲ. ಹಿಂದೆ ಬಿಗಿ ಹಾಗೆಯೇ ಉಳಿಯಿತು, ಮುಂದೆ ಸಡಿಲವಾಯಿತು. ಅದರ ಮೇಲೆ, ತಿರುವಿನ ನಡುವೆ ಕಾಲು ತೆಗೆದರೆ ಕಾರು ಮುಗ್ಗರಿಸಿದಂತಾಗಿ ತೂಕ ಮುಂದಕ್ಕೆ ಬಂದು ಹಿಂದಿನ ಚಕ್ರಗಳು ಹಗುರವಾಗುತ್ತವೆ. ಹಗುರವಾದದ್ದು ಜಾರಿತು. ಕಾರು ಮಾಡುವವರು ಮುಂದೆ ಬಿಗಿ ಇಟ್ಟು ಕಳಿಸುವುದು ಇದಕ್ಕಾಗಿಯೇ. ಹೆದರಿದ ಮನುಷ್ಯ ಕಾಲು ತೆಗೆಯುತ್ತಾನೆ. ಮೂತಿ ಹೊರಕ್ಕೆ ಹೋಗುತ್ತಿರುವ ಕಾರಾದರೆ ಕಾಲು ತೆಗೆದೊಡನೆ ಸರಿಹೋಗುತ್ತದೆ.

ನಮ್ಮ ಆಟೋರಿಕ್ಷಾ ಇದೇ ತತ್ತ್ವದ ಪರಾಕಾಷ್ಠೆ ಎಂದು ಆಮೇಲೆ ಹೊಳೆಯಿತು. ಮುಂದೆ ಒಂದೇ ಚಕ್ರ. ಒಂಟಿ ಹೆಗಲು ವಾಲುವಿಕೆಯನ್ನು ತಡೆಯುವುದೆಲ್ಲಿಂದ ಬಂತು? ಎಲ್ಲವನ್ನೂ ಹಿಂದಿನ ಎರಡೇ ತಡೆಯಬೇಕು. ಜೋರಾಗಿ ತಿರುಗಿಸಿದರೆ ಒಳಗಿನ ಹಿಂಚಕ್ರ ನೆಲ ಬಿಡುತ್ತದೆ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರನ್ನೂ ಮಾಡುತ್ತಿದ್ದರು, ಅದಕ್ಕೂ ಮುಂದೆ ಒಂದೇ ಚಕ್ರ. ಅದು ಬಹಳ ಕಾಲ ಬಾಳಲಿಲ್ಲ.

ಆದರೆ ಈ ವಿಷಯದಲ್ಲಿ ನನ್ನನ್ನು ರಾತ್ರಿ ಹನ್ನೆರಡರವರೆಗೆ ಎಚ್ಚರವಾಗಿರಿಸಿದ್ದು ಅಮೆರಿಕದ ಷೆವ್ರೊಲೆ ಕಾರ್ವೇರ್ ಕಾರಿನ ಕಥೆ. 1960ರ ಮಾದರಿಯಾಗಿ ಅದು ಮಾರುಕಟ್ಟೆಗೆ ಬಂತು. ಎಂಜಿನ್ನು ಹಿಂದೆ, ಭಾರದ ಹೆಚ್ಚು ಪಾಲು ಹಿಂದೆ, ಹಿಂದಿನ ಚಕ್ರಗಳು ರೆಕ್ಕೆ ಬಡಿದಂತೆ ಮೇಲೆ ಕೆಳಗೆ ಆಡುವ ಅಚ್ಚುಗಳ ಮೇಲೆ. ಇಂಥ ಕಾರಿಗೆ ಮುಂದಿನ ಓಲುತಡೆ ಬೇಕೇಬೇಕಾಗಿತ್ತು. ಕಾರೊಂದಕ್ಕೆ ಕೆಲವೇ ಡಾಲರು ಉಳಿಯುತ್ತದೆಂದು ಅದನ್ನು ಬಿಟ್ಟರು. ಅದಕ್ಕೆ ಬದಲು ಟೈರಿನ ಗಾಳಿಯಲ್ಲಿ ವ್ಯತ್ಯಾಸವಿಡಲು ಹೇಳಿದರು: ಮುಂದೆ 15 ಪೌಂಡು, ಹಿಂದೆ 26. ನಾಲ್ಕು ಟೈರಿಗೂ ಒಂದೇ ಗಾಳಿ ಹಾಕಿಸಿಕೊಂಡು ಹೋಗುವ ಜನರನ್ನು ಅವರು ನೋಡಿರಲಿಲ್ಲವೆ? ಅಪಘಾತಗಳಾದವು, ಮೊಕದ್ದಮೆಗಳಾದವು. 1964ರ ಮಾದರಿಗೆ ಮುಂದಿನ ಸರಳನ್ನು ಸೇರಿಸಿದರು. 1965ರಲ್ಲಿ ರಾಲ್ಫ್ ನೇಡರ್ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನ ಮೇಲೆ. 1969ಕ್ಕೆ ಅದರ ತಯಾರಿಕೆ ನಿಂತಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಅಕ್ಕನಿಗೆ ಹೇಳಿ ಅಳಿಯನ ಬಾಯಿ ಮುಚ್ಚಿಸಬಹುದಾಗಿತ್ತು. ಅಲ್ಲಿನ ಸರ್ಕಾರ ನಡೆಸಿದ ಪರೀಕ್ಷೆಯ ವರದಿ 1972ರಲ್ಲಿ ಬಂತು; ಅದೇ ಕಾಲದ ಅದೇ ಬಗೆಯ ಬೇರೆ ಕಾರುಗಳಿಗಿಂತ ಕಾರ್ವೇರ್ ಹೆಚ್ಚು ಕೈತಪ್ಪುವಂಥದೇನಲ್ಲ ಎಂದು ಅದರ ತೀರ್ಮಾನ. ಬೇರೆ ಕಾರುಗಳೂ ಅಷ್ಟೇ ಕೈತಪ್ಪುತ್ತಿದ್ದವು ಎಂದು ಇದನ್ನು ಓದಬೇಕೆಂದು ನನ್ನ ಅಭಿಪ್ರಾಯ. ಅಳಿಯ ಬೇರೆ ರೀತಿ ಓದಿದ. ವ್ಯಾಖ್ಯಾನಭೇದ ನಮ್ಮ ಶಾಸ್ತ್ರಗಳಿಗೇನೂ ಹೊಸದಲ್ಲ.

ಸಾಬರು ಇಬ್ಬರ ಪಕ್ಷವನ್ನೂ ಹಿಡಿಯಲಿಲ್ಲ. ಮಣ್ಣುದಾರಿಯ ಓಟಕ್ಕೆ, ಓಡಿಸಲು ಬಲ್ಲವನು, ಹಿಂದಿನದನ್ನೂ ಅದಕ್ಕೆ ತಕ್ಕಂತೆ ಹದಮಾಡಿಕೊಂಡು, ಮುಂದಿನದನ್ನು ತೆಗೆದರೆ ತೆಗೆಯಲಿ. ಟಾರು ರಸ್ತೆಯಲ್ಲಿ, ಅದೂ ಮಳೆಯಲ್ಲಿ, ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಬೇಡ. ಜೊತೆಗೆ ಲಾಭವೆಂದದ್ದರಲ್ಲೂ ಕಡಿತವಿದೆ: ಮೈ ಅಷ್ಟು ವಾಲಿದಾಗ ಹೊರಗಿನ ಮುಂಚಕ್ರ ನೆಟ್ಟಗೆ ನಿಲ್ಲದೆ ಟೈರಿನ ಹೊರ ಅಂಚಿನ ಮೇಲೆ ಓಡುತ್ತದೆ. ಅಳಿಯನ ಟೈರನ್ನು ಬೆರಳಿನಿಂದ ಸವರಿ ತೋರಿಸಿದರು. ಹೊರ ಅಂಚು, ಕಾಲನ್ನು ಓರೆಯಿಟ್ಟು ನಡೆಯುವವರ ಚಪ್ಪಲಿಯಂತೆ, ಒಂದು ಪಕ್ಕ ಸವೆದಿತ್ತು. ಹಾಗೆಯೇ ಇನ್ನೊಂದು ಎಚ್ಚರಿಕೆ ಕೊಟ್ಟರು. ಹಳೆಯ ಕಾರಿಟ್ಟುಕೊಂಡಿರುವ ಓದುಗರು ಗಮನಿಸಬೇಕು. ಕಟಕಟ ಸದ್ದು ಬರುತ್ತದೆಂದು ಲಿಂಕ್ ರಾಡನ್ನು ಬಿಚ್ಚಿಸಿ ಓಡಾಡುವವರುಂಟು. ಹಳೆಯ ಮಾರುತಿ 800ರಂಥ ಕಾರಿನಲ್ಲಿ ಈ ಸರಳು ವಾಲುವುದನ್ನು ತಡೆಯುವುದಷ್ಟೇ ಅಲ್ಲ, ಚಕ್ರ ಹಿಂದು ಮುಂದಾಗದಂತೆ ಅದನ್ನು ತನ್ನ ಜಾಗದಲ್ಲಿ ಹಿಡಿದಿಡುವುದೂ ಅದೇ. 1950ರ ಫೋರ್ಡ್ ಕಾನ್ಸಲ್ ಕಾಲದಿಂದ ನಡೆದುಬಂದ ಮಿತವ್ಯಯದ ಉಪಾಯ, ಒಂದೇ ಸರಳಿಗೆ ಎರಡು ಉದ್ಯೋಗ. ಅದನ್ನು ಬಿಚ್ಚಿದರೆ ಕಾರೇ ಹೊರಡುವ ಹಾಗಿಲ್ಲ.

ಇಷ್ಟೆಲ್ಲ ಆದರೂ ಅಳಿಯ ಕಂಬಿಯನ್ನು ಮರಳಿ ಹಾಕಿಸದೆಯೇ ಬೆಂಗಳೂರಿಗೆ ಹೋದ. ನಿಧಾನವಾಗಿ ಹೋಗುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟ. ಏರಿಯ ಮೇಲಿನ ಪ್ರಸಂಗವನ್ನು ಅವಳಿಗೆ ನಾನೇ ಹೇಳಿಬಿಟ್ಟಿದ್ದೆ. ಅವನು ನನ್ನೊಡನೆ ಒಂದು ತಿಂಗಳು ಮಾತಾಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಕ್ಕನ ಕಣ್ಣಿನ ಪೊರೆ ತೆಗೆಸಲು ಶಿವಮೊಗ್ಗಕ್ಕೆ ಹೋಗಬೇಕಾಯಿತು. ಬಸ್ಸಿನಲ್ಲಿ ಕರೆದೊಯ್ಯುತ್ತೇನೆಂದೆ. ಬೇಡ, ಕಾರು ತರುತ್ತೇನೆ ಎಂದು ಅವನೇ ಫೋನು ಮಾಡಿದ. “ಬಿಚ್ಚಿದ್ದನ್ನ ಹಾಕಿದ್ರೆ ಬರ್ತೀನಿ, ಇಲ್ದಿದ್ರೆ ಕಣ್ಣು ಹೀಗೇ ಇರ್ಲಿ” ಎಂದಳು ಅಕ್ಕ. ಅವನು ಹಿಂದಿನ ದಿನವೇ ಬಂದ. ಹಿತ್ತಲಿಗೆ ಹೋಗಿ ನೋಡಿದರೆ ಗೋಡೆಯ ಬುಡದಲ್ಲಿ ಕಂಬಿ ಇಲ್ಲ.

ಮೂರು ತಿಂಗಳಿಂದ ಯಾರೂ ಮುಟ್ಟದೆ ಬಿದ್ದ ಗಟ್ಟಿ ಸರಳು, ಎರಡೂ ತುದಿ ಅನುಕೂಲವಾಗಿ ಬಾಗಿದ್ದು, ವ್ಯರ್ಥವಾಗಿ ಇರಲೇಕೆಂದು ಅಕ್ಕ ಅದನ್ನು ನೆಲಕ್ಕೆ ಊರಿ ಹಾಗಲ ಬಳ್ಳಿಯನ್ನು ಹಬ್ಬಿಸಿದ್ದಳು. ಬಳ್ಳಿ ತುದಿಯವರೆಗೂ ಸುತ್ತಿಕೊಂಡಿತ್ತು. ಏಳೆಂಟು ಕಾಯಿ ತೂಗುತ್ತಿದ್ದವು. ಕಿತ್ತರೆ ಬಳ್ಳಿ ಹರಿಯುತ್ತದೆ ಎಂದು ಅವನು, ಕೀಳದಿದ್ದರೆ ನಾನು ಬರುವುದಿಲ್ಲ ಎಂದು ಇವಳು. ಕೊನೆಗೆ ಇಬ್ಬರೂ ಕೂತು, ಪೊರೆ ಬಂದ ಕಣ್ಣಿನವಳು ಕೈಯಿಂದ ತಡವಿ ಹೇಳುತ್ತ, ಅವನು ಒಂದೊಂದೇ ಸುರುಳಿ ಬಿಡಿಸುತ್ತ, ಸಂಜೆಯವರೆಗೆ ಆ ಬಳ್ಳಿಯನ್ನು ಪಕ್ಕದ ಅಡಕೆ ದಬ್ಬೆಗೆ ದಾಟಿಸಿದರು. ಸಾಬರು ರಾತ್ರಿ ಲೈಟು ಹಿಡಿದುಕೊಂಡು ಹೊಸ ಬುಷ್ಷು, ಹೊಸ ಲಿಂಕು ಹಾಕಿ ಕಂಬಿಯನ್ನು ಕೂರಿಸಿದರು.

ಬೆಳಿಗ್ಗೆ ಅದೇ ದಾರಿ. ಕಂಬಿ ಇದ್ದ ಕಾರು ಗುಂಡಿಗಳಲ್ಲಿ ಮೊದಲಿಗಿಂತ ಕುಲುಕಿತಂತೆ. ಅಕ್ಕ ಶಿಕಾರಿಪುರದಲ್ಲಿ ನನ್ನನ್ನು ಹತ್ತಿಸಿಕೊಂಡಾಗ ಅದನ್ನೇ ದೂರಿದಳು. ಏರಿಯ ತಿರುವಿನಲ್ಲಿ ಏನಾಯಿತೆಂದು ಕೇಳಿದೆ. “ಯಾವ ತಿರುವು?” ಎಂದಳು. ಅಳಿಯ ರಸ್ತೆಯನ್ನು ನೋಡುತ್ತ, ಮಡಿಲಲ್ಲಿದ್ದ ಚೀಲವನ್ನು ನನ್ನ ಕಡೆಗೆ ನೂಕಿದ. ಒಳಗೆ ಐದು ಹಾಗಲಕಾಯಿಗಳಿದ್ದವು.